ಹತ್ತು ಮಿಲಿಮೀಟರ್‌ನ ಬಾಬ್ತು: ತೇಗದ ಮೇಜಿನ ಮೇಲ್ಹಲಗೆ ಕೂರಿಸುವ ಲೆಕ್ಕ

ಉದ್ದ 6 ಅಡಿ, ಅಗಲ 3 ಅಡಿ, ದಪ್ಪ 1 ಇಂಚು. ಆರು ಜನ ಆರಾಮವಾಗಿ ಕೂತು ಉಣ್ಣುವ ತೇಗದ ಮೇಜಿನ ಮೇಲ್ಹಲಗೆಯ ಅಳತೆ ಇದು. ಬೆಂಗಳೂರಿನ ಮನೆಯಲ್ಲಿಟ್ಟ ಇಂಥ ಹಲಗೆ ಮಾರ್ಚ್‌ ಕಳೆದು ಆಗಸ್ಟ್‌ ಬರುವಷ್ಟರಲ್ಲಿ ಅಗಲದಲ್ಲಿ 10 ಮಿ.ಮೀ.ವರೆಗೆ ಹಿಗ್ಗಬಲ್ಲದು. ಉದ್ದದಲ್ಲಿ ಒಂದು ಮಿ.ಮೀ. ಕೂಡ ಹಿಗ್ಗುವುದಿಲ್ಲ.

ಹಲಗೆಯ ಕೆಳಗಿನ ಚೌಕಟ್ಟಿಗೆ ಬೇರೆಯೇ ಲೆಕ್ಕ. ಅಲ್ಲಿ ಉದ್ದಕ್ಕೆ ಎರಡು ಪಟ್ಟಿ, ಅಡ್ಡಕ್ಕೆ ಎರಡು ಪಟ್ಟಿ ಇರುತ್ತವೆ. ಅಡ್ಡಪಟ್ಟಿಯ ನಾರು ಮೇಜಿನ ಅಗಲದ ದಿಕ್ಕಿಗೆ ಓಡುವುದರಿಂದ ಆ ದಿಕ್ಕಿನಲ್ಲಿ ಅದು ಕದಲುವುದಿಲ್ಲ. ಕದಲದ ಪಟ್ಟಿಗೆ ಕದಲುವ ಹಲಗೆಯನ್ನು ಅಂಟು, ಸ್ಕ್ರೂ ಹಾಕಿ ಬಿಗಿದರೆ ಎರಡರಲ್ಲಿ ಒಂದು ಸೋಲಲೇಬೇಕು. ಸಾಮಾನ್ಯವಾಗಿ ಸೋಲುವುದು ಹಲಗೆ.

ಈ ಸೋಲನ್ನು ತಪ್ಪಿಸಲು ತಗಲುವ ಹೆಚ್ಚುವರಿ ಖರ್ಚು ₹237ರಿಂದ ₹414. ತಪ್ಪಿಸದೆ ಹಲಗೆ ಸೀಳಿದರೆ ರಿಪೇರಿಗೆ ಸುಮಾರು ₹5,300. ಮೇಜಿನ ಒಟ್ಟು ಖರ್ಚು ₹26,000. ಇಷ್ಟು ಸಣ್ಣ ಮೊತ್ತ ಅಂದಾಜುಪಟ್ಟಿಯಲ್ಲಿ ಒಂದು ಸಾಲಾಗಿ ಕಾಣದೇ ಇರುವುದೇ ಅನೇಕ ಒಳ್ಳೆಯ ಮೇಜುಗಳು ಹಾಳಾಗಲು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸಾಲಿನ ಹಿಂದಿರುವ ಲೆಕ್ಕ ಇಲ್ಲಿದೆ.

ಮರ ಎಷ್ಟು ಕದಲುತ್ತದೆ?

ಕಡಿದ ಹಸಿ ಮರ ಒಣಗುತ್ತಾ ಬಂದಂತೆ ಮೊದಲು ಜೀವಕೋಶಗಳ ಟೊಳ್ಳಿನಲ್ಲಿರುವ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಶೇ 30ರ ಆಸುಪಾಸಿಗೆ ಬಂದ ಮೇಲೆ ಕೋಶಗಳ ಗೋಡೆಯೊಳಗಿನ ನೀರು ಹೊರಡುತ್ತದೆ. ಕುಗ್ಗುವಿಕೆ ಶುರುವಾಗುವುದು ಅಲ್ಲಿಂದ. ಕೋಶಗಳು ಉದ್ದನೆಯ ಕೊಳವೆಗಳಂತೆ ನಾರಿನ ದಿಕ್ಕಿಗೆ ಜೋಡಿಕೊಂಡಿರುವುದರಿಂದ ಗೋಡೆ ತೆಳುವಾದಾಗ ಅಗಲ ಕುಗ್ಗುತ್ತದೆ, ಉದ್ದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯ 1935ರಲ್ಲಿ ಮೊದಲು ಹೊರತಂದು, ಈಗಲೂ ಪರಿಷ್ಕರಿಸುತ್ತಿರುವ ‘ವುಡ್‌ ಹ್ಯಾಂಡ್‌ಬುಕ್‌’ ತೇಗದ ಅಂಕಿಗಳನ್ನೂ ಕೊಡುತ್ತದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಬೆಳವಣಿಗೆಯ ಉಂಗುರಗಳ ಗುಂಟ ಶೇ 5.8, ಉಂಗುರಗಳಿಗೆ ಅಡ್ಡಲಾಗಿ ಶೇ 2.5 ಕುಗ್ಗುತ್ತದೆ. ನಮ್ಮ ಬೀಟೆಗೆ ಇದೇ ಅಂಕಿಗಳು 5.8 ಮತ್ತು 2.7. ಅಮೆರಿಕದಿಂದ ಆಮದಾಗುವ ಬಿಳಿ ಓಕ್‌ಗೆ 10.5 ಮತ್ತು 5.6. ತೇಗಕ್ಕೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ ಎಂಬುದಕ್ಕೆ ಈ ಹೋಲಿಕೆಯೇ ಸಾಕ್ಷಿ. ಆದರೆ ಕಡಿಮೆ ಕುಗ್ಗುವುದು ಬೇರೆ, ಕುಗ್ಗದೇ ಇರುವುದು ಬೇರೆ.

ದಿನಬಳಕೆಗೆ ಇನ್ನೂ ಸುಲಭವಾದ ಸೂತ್ರವಿದೆ. ಹಲಗೆಯ ಅಗಲವನ್ನು ಮರದ ಗುಣಕದಿಂದ, ಬಂದದ್ದನ್ನು ತೇವಾಂಶದ ಶೇಕಡಾ ವ್ಯತ್ಯಾಸದಿಂದ ಗುಣಿಸಿದರೆ ಸಾಕು. ತೇಗದ ಗುಣಕ ಎರಡು: ಉಂಗುರಗಳ ಗುಂಟ 0.00186, ಅಡ್ಡಕ್ಕೆ 0.00101. ತೇವಾಂಶ ಶೇ 6ರಿಂದ 14ರ ನಡುವೆ ಇರುವಾಗ ಇವು ಸರಿಯಾಗಿ ಹೊಂದುತ್ತವೆ; ಅದರಾಚೆಗೆ ಅಂದಾಜಿಗೆ ಬಳಸಬಹುದು.

ಮೂರು ಅಡಿ ಎಂದರೆ 915 ಮಿ.ಮೀ. ತೇವಾಂಶದಲ್ಲಿ ಶೇ 1ರ ವ್ಯತ್ಯಾಸಕ್ಕೆ ಆಗುವ ಬದಲಾವಣೆ ಹೀಗಿದೆ:

- ದಿಮ್ಮಿಯನ್ನು ನೇರವಾಗಿ ಪದರ ಪದರವಾಗಿ ಸೀಳಿದ ತೇಗದ ಹಲಗೆ: 1.70 ಮಿ.ಮೀ.
- ತಿರುಳಿನಿಂದ ತೊಗಟೆಯ ಕಡೆಗೆ, ಉಂಗುರಕ್ಕೆ ಅಡ್ಡವಾಗಿ ಸೀಳಿದ ತೇಗದ ಹಲಗೆ: 0.92 ಮಿ.ಮೀ.
- ಪದರ ಸೀಳಿದ ಬಿಳಿ ಓಕ್ (ಗುಣಕ 0.00365): 3.34 ಮಿ.ಮೀ.

ಹಲಗೆ ಯಾವ ಬಗೆಯದು ಎಂದು ತಿಳಿಯಲು ಅದರ ತಲೆ, ಅಂದರೆ ಕತ್ತರಿಸಿದ ತುದಿ ನೋಡಬೇಕು. ತೇಗದಲ್ಲಿ ಉಂಗುರಗಳು ಬರಿಗಣ್ಣಿಗೇ ಕಾಣುತ್ತವೆ. ಗೆರೆಗಳು ಬಿಲ್ಲಿನಂತೆ ಬಾಗಿ ಹಲಗೆಯ ಅಗಲಕ್ಕೆ ಮಲಗಿದ್ದರೆ ಮೊದಲ ಬಗೆ, ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿದ್ದರೆ ಎರಡನೆಯದು. ಮರದ ಅಡ್ಡೆಯಲ್ಲಿ ಸಿಗುವ ಬಹುಪಾಲು ಹಲಗೆಗಳಲ್ಲಿ ಎರಡೂ ಬೆರೆತಿರುತ್ತವೆ. ಆದ್ದರಿಂದ ದೊಡ್ಡ ಗುಣಕವನ್ನೇ ಹಿಡಿದು ಲೆಕ್ಕ ಹಾಕುವುದು ಕ್ಷೇಮ.

ಮೂರು ಊರು, ಮೂರು ಲೆಕ್ಕ

ಮರದ ತೇವಾಂಶ ಸುತ್ತಲಿನ ಗಾಳಿಯನ್ನು ಹಿಂಬಾಲಿಸುತ್ತದೆ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಗಾಳಿಯ ಆರ್ದ್ರತೆ ಶೇ 30 ಇದ್ದರೆ ಮರ ಶೇ 6ರ ಸುಮಾರಿಗೆ ನಿಲ್ಲುತ್ತದೆ. ಆರ್ದ್ರತೆ 50 ಆದರೆ ಮರ 9, 70 ಆದರೆ 13, 80 ಆದರೆ 15.7, 90 ಆದರೆ 20. ಏರಿಕೆ ಒಂದೇ ಸಮನಲ್ಲ ಎಂಬುದನ್ನು ಗಮನಿಸಬೇಕು. 30ರಿಂದ 50ಕ್ಕೆ ಏರುವಾಗ ಮರ ಹೀರುವುದು ಶೇ 3. 70ರಿಂದ 90ಕ್ಕೆ ಏರುವಾಗ ಶೇ 7. ಕರಾವಳಿ, ಮಲೆನಾಡಿನಲ್ಲಿ ಜುಲೈ ಬಂತೆಂದರೆ ಬಾಗಿಲುಗಳು ಚೌಕಟ್ಟಿಗೆ ಹಿಡಿದುಕೊಳ್ಳುವುದಕ್ಕೆ ಇದೇ ಕಾರಣ.

ಭಾರತೀಯ ಮಾನಕ ಐಎಸ್ 287 ಕೂಡ ಮರದ ತೇವಾಂಶ ಎಷ್ಟಿರಬೇಕೆಂದು ಹೇಳುವಾಗ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುವುದಿಲ್ಲ. ಗಾಳಿಯ ಆರ್ದ್ರತೆಯನ್ನು ನೋಡಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ. ನಮ್ಮ ರಾಜ್ಯದೊಳಗೇ ಅಂತರ ಎಷ್ಟಿದೆ ಎಂಬುದನ್ನು ನೋಡಲು ಮನೆಯೊಳಗಿನ ಆರ್ದ್ರತೆಯನ್ನು ಅಂದಾಜಿಗೆ ಹೀಗೆ ಹಿಡಿಯೋಣ:

- ಬೆಂಗಳೂರು: ಬೇಸಿಗೆಯಲ್ಲಿ 45, ಮಳೆಗಾಲದಲ್ಲಿ 75. ಮರದ ತೇವಾಂಶ ಶೇ 8ರಿಂದ 14. ಹಲಗೆಯ ಚಲನೆ 10.2 ಮಿ.ಮೀ.
- ಮಂಗಳೂರು: ಕನಿಷ್ಠ 60, ಗರಿಷ್ಠ 85. ಮರದ ತೇವಾಂಶ ಶೇ 11ರಿಂದ 18. ಚಲನೆ 11.9 ಮಿ.ಮೀ.
- ಕಲಬುರಗಿ: ಕನಿಷ್ಠ 30, ಗರಿಷ್ಠ 70. ಮರದ ತೇವಾಂಶ ಶೇ 6ರಿಂದ 13. ಚಲನೆ 11.9 ಮಿ.ಮೀ.

ಮಂಗಳೂರಿಗೂ ಕಲಬುರಗಿಗೂ ಚಲನೆ ಒಂದೇ ಬಂತು. ಆದರೆ ಒಂದರ ಕನಿಷ್ಠ ಮಟ್ಟ ಇನ್ನೊಂದರ ಗರಿಷ್ಠಕ್ಕೆ ಹತ್ತಿರದಲ್ಲಿದೆ. ಹಾಗಾಗಿ ಮೇಜು ಅದೇ ಊರಿನಲ್ಲಿ ಇರುವವರೆಗೆ 12 ಮಿ.ಮೀ. ಅವಕಾಶ ಸಾಕು. ಮಂಗಳೂರಿನ ಜುಲೈಯಲ್ಲಿ ಮಾಡಿದ ಮೇಜು ವರ್ಗಾವಣೆಯಾದ ಕುಟುಂಬದೊಂದಿಗೆ ಕಲಬುರಗಿಯ ಏಪ್ರಿಲ್‌ ಕಂಡರೆ ತೇವಾಂಶ 18ರಿಂದ 6ಕ್ಕೆ ಇಳಿಯುತ್ತದೆ, ಹಲಗೆ 20 ಮಿ.ಮೀ. ಕುಗ್ಗುತ್ತದೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಕಂಟೇನರ್‌ನಲ್ಲಿ ಹೋಗುವ ಪೀಠೋಪಕರಣಕ್ಕೂ ಇದೇ ಕಥೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಆರ್ದ್ರತೆ 20ಕ್ಕೆ ಇಳಿದರೆ ಮರದ ತೇವಾಂಶ 4.5ಕ್ಕೆ ಬರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಕೂರಿಸಿದ ಹಲಗೆ ಅಲ್ಲಿ 16 ಮಿ.ಮೀ. ಒಳಕ್ಕೆ ಸರಿಯಲು ನೋಡುತ್ತದೆ.

ಈ ಅಂಕಿಗಳು ಗರಿಷ್ಠ ಮಿತಿಗಳು. ಪಾಲಿಶ್ ಮಾಡಿದ ಒಂದು ಇಂಚಿನ ಹಲಗೆ ಗಾಳಿಯ ಜೊತೆ ಸಮತೋಲಕ್ಕೆ ಬರಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಹವೆ ಬದಲಾಗುವುದರಿಂದ ನಿಜವಾದ ಚಲನೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ಅವಕಾಶ ಬಿಡುವಾಗ ಗರಿಷ್ಠವನ್ನೇ ಹಿಡಿಯಬೇಕು. ಹೆಚ್ಚು ಜಾಗ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕಡಿಮೆ ಬಿಟ್ಟರೆ ಎಲ್ಲರಿಗೂ ಕಾಣುತ್ತದೆ.

ಮರ ಎಷ್ಟು, ದುಡ್ಡು ಎಷ್ಟು?

ತೇಗದ ದರ ಗಾತ್ರ, ವಯಸ್ಸು, ಊರು ನೋಡಿ ತುಂಬಾ ಏರುಪೇರಾಗುತ್ತದೆ. ಇಲ್ಲಿ ಲೆಕ್ಕಕ್ಕಾಗಿ ಘನ ಅಡಿಗೆ ₹4,000, ಬಡಗಿಯ ದಿನಗೂಲಿ ₹1,200 (ಗಂಟೆಗೆ ₹150) ಎಂದು ಹಿಡಿದಿದ್ದೇನೆ. ಓದುಗರು ತಮ್ಮ ಊರಿನ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮಾಡಬಹುದು.

ಒಂದು ಇಂಚು ದಪ್ಪದ ಹಲಗೆ ಸಿಗಬೇಕಾದರೆ ಒಂದೂಕಾಲು ಇಂಚಿನ ಹಲಗೆ ತರಬೇಕು. ಕಾಲು ಇಂಚು ಕೀಸುವುದರಲ್ಲಿ ಹೋಗುತ್ತದೆ. ಉದ್ದ, ಅಗಲಕ್ಕೆ ತಲಾ 3 ಇಂಚು ಹೆಚ್ಚು ಬೇಕು. 6.25 ಅಡಿಯನ್ನು 3.25 ಅಡಿಯಿಂದ ಗುಣಿಸಿ ದಪ್ಪ ಸೇರಿಸಿದರೆ 2.12 ಘನ ಅಡಿ. ಗಂಟು, ಬಿಳಿ ಮರ, ಸೀಳು ಬಿಟ್ಟು ಆರಿಸಲು ಶೇ 15 ಸೇರಿಸಿದರೆ 2.43 ಘನ ಅಡಿ, ಅಂದರೆ ₹9,700. ಮೇಜಿನಲ್ಲಿ ಕೊನೆಗೆ ಉಳಿಯುವುದು 1.5 ಘನ ಅಡಿ. ಕೊಂಡ ಮರದಲ್ಲಿ ಶೇ 38 ಹೊಟ್ಟು, ತುಂಡುಗಳ ಪಾಲು. ಉಳಿದ ಹಲಗೆಯ ತೂಕ ಸುಮಾರು 28 ಕೆ.ಜಿ.

ಕಾಲುಗಳಿಗೆ 3 ಇಂಚು ಚೌಕದ, 30 ಇಂಚು ಉದ್ದದ ನಾಲ್ಕು ತುಂಡು: 0.63 ಘನ ಅಡಿ. 4 ಇಂಚು ಅಗಲದ ಎರಡು ಉದ್ದಪಟ್ಟಿ, ಎರಡು ಅಡ್ಡಪಟ್ಟಿಗೆ 0.54. ಇಲ್ಲೂ ಶೇ 15 ಸೇರಿಸಿದರೆ 1.34 ಘನ ಅಡಿ. ಎಲ್ಲ ಸೇರಿ ಸುಮಾರು 3.75 ಘನ ಅಡಿ ಮರ. ಇನ್ನು ಖರ್ಚು:

- ಮರ: ₹15,000
- ಬಡಗಿ ಕೂಲಿ, 6 ದಿನ: ₹7,200
- ಪಾಲಿಶ್: ₹3,000
- ಅಂಟು, ಮರಳು ಕಾಗದ, ಸಣ್ಣಪುಟ್ಟ ಸಾಮಾನು: ₹800
- ಒಟ್ಟು: ₹26,000

ಮರದ ದುಡ್ಡಿನಲ್ಲಿ ಶೇ 65 ಮೇಲ್ಹಲಗೆಗೇ ಹೋಗಿದೆ. ಅದನ್ನು ಕಾಪಾಡುವ ಜೋಡಣೆಗೆ ಎಷ್ಟು ಕೊಟ್ಟೆವು ಎಂಬುದು ಮುಂದಿನ ಪ್ರಶ್ನೆ.

ನಾಲ್ಕು ಬಗೆಯ ಜೋಡಣೆ

ಎಲ್ಲ ಬಗೆಗೂ ತತ್ವ ಒಂದೇ: ಹಲಗೆ ಮೇಲಕ್ಕೆ ಏಳಬಾರದು, ಪಕ್ಕಕ್ಕೆ ಸರಿಯಬೇಕು. ಸುಮಾರು ಒಂದು ಅಡಿಗೊಂದರಂತೆ ಉದ್ದಪಟ್ಟಿಗಳಿಗೆ ನಾಲ್ಕು ನಾಲ್ಕು, ಅಡ್ಡಪಟ್ಟಿಗಳಿಗೆ ಎರಡೆರಡು, ಒಟ್ಟು 12 ಹಿಡಿತಗಳು ಬೇಕು. ಇವಲ್ಲದೆ ಎರಡೂ ಅಡ್ಡಪಟ್ಟಿಗಳ ನಟ್ಟನಡುವೆ ಒಂದೊಂದು ಸ್ಕ್ರೂವನ್ನು ಬಿಗಿಯಾಗಿಯೇ ಹಾಕಬೇಕು. ಆಗ ಮೇಜಿನ ನಡುಗೆರೆ ನಿಂತಲ್ಲೇ ನಿಲ್ಲುತ್ತದೆ, 10 ಮಿ.ಮೀ. ಚಲನೆ ಎಡಕ್ಕೆ 5, ಬಲಕ್ಕೆ 5 ಎಂದು ಸಮನಾಗಿ ಹಂಚಿಹೋಗುತ್ತದೆ. ಈ ಎರಡು ಸ್ಕ್ರೂ ಎಲ್ಲ ವಿಧಾನಕ್ಕೂ ಸಮಾನ, ಹಾಗಾಗಿ ಹೋಲಿಕೆಯಲ್ಲಿ ಸೇರಿಸಿಲ್ಲ.

ಇನ್ನೊಂದು ಸಮಾಧಾನದ ಸಂಗತಿ: ಸ್ಕ್ರೂ ಇರುವುದು ಹಲಗೆಯ ಅಂಚಿನಲ್ಲಲ್ಲ, ಚೌಕಟ್ಟಿನ ಒಳಗೆ, ನಡುಗೆರೆಯಿಂದ 340 ಮಿ.ಮೀ. ದೂರದಲ್ಲಿ. ಅಲ್ಲಿ ಬೆಂಗಳೂರಿನ ಪೂರ್ತಿ ಚಲನೆ 3.8 ಮಿ.ಮೀ. ಮಾತ್ರ. ಕಲಬುರಗಿ, ಮಂಗಳೂರಿಗೆ 4.4. ಜಿಲ್ಲೆ ದಾಟಿ ಹೋಗುವ ಮೇಜಿಗೆ 7.6.

ಮೊದಲನೆಯದು ಸೀಳುರಂಧ್ರ. ಚೌಕಟ್ಟಿನ ಒಳಮೈಗೆ ಒಂದು ಇಂಚಿನ ಪಟ್ಟಿ ಹೊಡೆದು, ಅದರಲ್ಲಿ ದುಂಡು ತೂತಿನ ಬದಲು ಉದ್ದನೆಯ ತೂತು ಮಾಡುವುದು. 4 ಮಿ.ಮೀ. ದಪ್ಪದ ಸ್ಕ್ರೂಗೆ ಆಚೀಚೆ 5 ಮಿ.ಮೀ. ಜಾಗ ಸೇರಿಸಿ 14 ಮಿ.ಮೀ. ಉದ್ದ. ಸಾಲಾಗಿ ಮೂರು ತೂತು ಕೊರೆದು ಅರದಿಂದ ಉಜ್ಜಿ ಒಂದು ಮಾಡಿದರೆ ಆಯಿತು. ತಟ್ಟೆಯಂಥ ಚಪ್ಪಟೆ ತಳದ ತಲೆಯಿರುವ ಸ್ಕ್ರೂ, ಅದರ ಕೆಳಗೆ ವಾಷರ್ ಇರಬೇಕು. ಕೆಳಮುಖವಾಗಿ ಇಳಿಜಾರಾದ ತಲೆಯ ಮಾಮೂಲಿ ಸ್ಕ್ರೂ ಹಾಕಿದರೆ ತಲೆ ಮರದೊಳಗೆ ಕಚ್ಚಿಕೊಂಡು ಸರಿಯುವುದನ್ನೇ ತಡೆಯುತ್ತದೆ. ತೂತಿನ ದಿಕ್ಕು ಯಾವಾಗಲೂ ಮೇಜಿನ ಅಗಲಕ್ಕೇ ಇರಬೇಕು.

ಎರಡನೆಯದು ಝಡ್ ಕ್ಲಿಪ್. ಝಡ್ ಅಕ್ಷರದಂತೆ ಮಡಚಿದ ತಗಡಿನ ತುಂಡಿನ ಒಂದು ತುದಿ ಹಲಗೆಗೆ ಸ್ಕ್ರೂ ಆಗುತ್ತದೆ, ಇನ್ನೊಂದು ತುದಿ ಪಟ್ಟಿಯಲ್ಲಿ ಕೊರೆದ ಗ್ರೂವ್‌ನೊಳಗೆ ಕೂರುತ್ತದೆ. ಕೆಲಸ ಬೇಗ ಮುಗಿಯುತ್ತದೆ.

ಮೂರನೆಯದು ಎಂಟರ ಆಕಾರದ ಕ್ಲಿಪ್. ಒಂದು ಕಣ್ಣು ಪಟ್ಟಿಯ ಮೇಲಂಚಿನಲ್ಲಿ ಕೊರೆದ ಗುಳಿಯಲ್ಲಿ, ಇನ್ನೊಂದು ಕಣ್ಣು ಹಲಗೆಯಲ್ಲಿ. ಇದು ತಿರುಗುವುದರಿಂದ ಕೆಲಸ ಮಾಡುತ್ತದೆ. ಅಡ್ಡಪಟ್ಟಿಯಲ್ಲಿ ನೇರ ಕೂರಿಸಿದರೂ ನಡೆಯುತ್ತದೆ. ಉದ್ದಪಟ್ಟಿಯಲ್ಲಿ ನೇರ ಕೂರಿಸಿದರೆ ಹಲಗೆ ಎಳೆಯುವ ದಿಕ್ಕೂ ಕ್ಲಿಪ್‌ನ ದಿಕ್ಕೂ ಒಂದೇ ಆಗಿ ತಿರುಗಲು ಆಸ್ಪದವೇ ಇರುವುದಿಲ್ಲ. ಅಲ್ಲಿ 45 ಡಿಗ್ರಿ ಓರೆಯಾಗಿ ಕೂರಿಸಬೇಕು. ಎರಡು ಕಣ್ಣುಗಳ ನಡುವೆ 20 ಮಿ.ಮೀ. ಇದ್ದರೆ ಓರೆ ಕ್ಲಿಪ್ ಅಡ್ಡಕ್ಕೆ 14 ಮಿ.ಮೀ. ಚಾಚಿಕೊಂಡಿರುತ್ತದೆ, 10ಕ್ಕೆ ಇಳಿಯಲೂ 18ಕ್ಕೆ ಏರಲೂ ಅದಕ್ಕೆ ಜಾಗವಿದೆ. ಗುಳಿಯನ್ನು ಮಾತ್ರ ಅಷ್ಟು ಅಗಲ ತೆಗೆಯಬೇಕು.

ನಾಲ್ಕನೆಯದು ಮರದ ಬಟನ್. ಹಳೆಯದು, ಅಂಗಡಿಯಿಂದ ಏನನ್ನೂ ಕೊಳ್ಳದೆ ಆಗುವಂಥದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಒಂದು ಬಟನ್, ನಾಲ್ಕು ಅಳತೆ

ಬಟನ್ ಎಂದರೆ 45 ಮಿ.ಮೀ. ಉದ್ದ, 30 ಅಗಲ, 20 ದಪ್ಪದ ಮರದ ತುಂಡು. ಅದರ ಒಂದು ತುದಿಯಲ್ಲಿ 10 ಮಿ.ಮೀ. ಉದ್ದದ ನಾಲಿಗೆ. ಹನ್ನೆರಡು ಬಟನ್‌ಗೆ ಬೇಕಾಗುವ ಮರ 0.011 ಘನ ಅಡಿ. ಕೊಂಡರೆ ₹46, ಆದರೆ ಮೇಲ್ಹಲಗೆಯಿಂದ ಉಳಿದ ತುಂಡಿನಲ್ಲೇ ಆಗಿಹೋಗುತ್ತದೆ.

ಮೊದಲ ಅಳತೆ ನಾರಿನದು. ಬಟನ್‌ನ ನಾರು ನಾಲಿಗೆಯ ಉದ್ದಕ್ಕೆ ಓಡಬೇಕು. ಅಡ್ಡ ನಾರಾದರೆ ನಾಲಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ.

ಎರಡನೆಯದು ಗ್ರೂವ್‌ನದು. ಪಟ್ಟಿಯ ಮೇಲಂಚಿನಿಂದ 12 ಮಿ.ಮೀ. ಕೆಳಗೆ, 12 ಮಿ.ಮೀ. ಆಳದ ಗ್ರೂವ್ ತೆಗೆಯಬೇಕು. ಬಟನ್‌ನ ಮೇಲ್ಮೈಯಿಂದ ನಾಲಿಗೆಯ ಮೇಲ್ಮೈಗೆ ಇರುವ ಇಳಿತ 11 ಮಿ.ಮೀ. ಇರಬೇಕು. ಈ 1 ಮಿ.ಮೀ. ವ್ಯತ್ಯಾಸದಲ್ಲೇ ಹಿಡಿತದ ಗುಟ್ಟಿದೆ. ಸ್ಕ್ರೂ ಬಿಗಿದಾಗ ನಾಲಿಗೆ ಗ್ರೂವ್‌ನ ಮೇಲ್ಗೋಡೆಯನ್ನು ಮೊದಲು ಒತ್ತುತ್ತದೆ, ಹಲಗೆ ಚೌಕಟ್ಟಿನ ಮೇಲೆ ಬಿಗಿಯಾಗಿ ಕೂರುತ್ತದೆ.

ಮೂರನೆಯದು ಸ್ಕ್ರೂ ಉದ್ದ. ಬಟನ್ 20 ಮಿ.ಮೀ., ಹಲಗೆ 25 ಮಿ.ಮೀ. 35 ಮಿ.ಮೀ. ಸ್ಕ್ರೂ ಹಾಕಿದರೆ ಹಲಗೆಯೊಳಗೆ 15 ಹೋಗಿ ಮೇಲೆ 10 ಮಿ.ಮೀ. ಮರ ಉಳಿಯುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಿಂಗಳಿನದು. ಉದ್ದಪಟ್ಟಿಯ ಬಟನ್‌ಗಳು ಹಲಗೆ ಹಿಗ್ಗಿದಾಗ ಹೊರಕ್ಕೆ, ಅಂದರೆ ಗ್ರೂವ್‌ನ ಒಳಕ್ಕೆ ಸರಿಯುತ್ತವೆ; ಕುಗ್ಗಿದಾಗ ಗ್ರೂವ್‌ನಿಂದ ಈಚೆಗೆ ಬರುತ್ತವೆ. ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಿ ಕೂರಿಸುವುದಾದರೆ ನಾಲಿಗೆ 5 ಮಿ.ಮೀ. ಮಾತ್ರ ಒಳಗಿದ್ದು, ಬಟನ್‌ನ ಭುಜಕ್ಕೂ ಪಟ್ಟಿಗೂ ನಡುವೆ 5 ಮಿ.ಮೀ. ಸಂದು ಉಳಿಯಬೇಕು. ಆಗಸ್ಟ್‌ನಲ್ಲಿ ಕೂರಿಸುವುದಾದರೆ ನಾಲಿಗೆ 9 ಮಿ.ಮೀ. ಒಳಗೆ, ಸಂದು 1 ಮಿ.ಮೀ. ಝಡ್ ಕ್ಲಿಪ್‌ಗೂ ಇದೇ ನಿಯಮ. ಸೀಳುರಂಧ್ರದಲ್ಲಾದರೆ ಮಾರ್ಚ್‌ನ ಸ್ಕ್ರೂ ತೂತಿನ ಒಳತುದಿಯ ಕಡೆಗೆ, ಆಗಸ್ಟ್‌ನದು ಹೊರತುದಿಯ ಕಡೆಗೆ ಇರಬೇಕು. ತಿಂಗಳು ಮರೆತು ಕೂರಿಸಿದ ಕ್ಲಿಪ್ ಮಳೆಗಾಲದಲ್ಲಿ ಪಟ್ಟಿಗೆ ಒತ್ತಿಕೊಂಡು ನಿಲ್ಲುತ್ತದೆ, ಇಲ್ಲವೇ ಬೇಸಿಗೆಯಲ್ಲಿ ಗ್ರೂವ್‌ನಿಂದ ಕಳಚುತ್ತದೆ.

ಅಡ್ಡಪಟ್ಟಿಯ ಬಟನ್‌ಗಳಿಗೆ ಈ ಚಿಂತೆ ಇಲ್ಲ. ಅವು ಗ್ರೂವ್‌ನ ಉದ್ದಕ್ಕೂ ಜಾರುತ್ತವೆ.

ವೆಚ್ಚದ ಹೋಲಿಕೆ

ಲೆಕ್ಕಕ್ಕೆ ಹಿಡಿದ ದರ: ಸ್ಕ್ರೂ ₹2, ವಾಷರ್ ₹1, ಝಡ್ ಕ್ಲಿಪ್ ₹15, ಎಂಟರ ಕ್ಲಿಪ್ ₹20.

- ಬಿಗಿ ಜೋಡಣೆ: 12 ಸ್ಕ್ರೂ ₹24, ಅರ್ಧ ಗಂಟೆ ₹75. ಒಟ್ಟು ₹99.
- ಸೀಳುರಂಧ್ರ: ಸ್ಕ್ರೂ, ವಾಷರ್ ₹36, ಎರಡು ಗಂಟೆ ₹300. ಒಟ್ಟು ₹336.
- ಝಡ್ ಕ್ಲಿಪ್: ಕ್ಲಿಪ್ ₹180, ಸ್ಕ್ರೂ ₹24, ಒಂದು ಗಂಟೆ ₹150. ಒಟ್ಟು ₹354.
- ಮರದ ಬಟನ್: ಸ್ಕ್ರೂ ₹24, ಮೂರು ಗಂಟೆ ₹450. ಒಟ್ಟು ₹474.
- ಎಂಟರ ಕ್ಲಿಪ್: ಕ್ಲಿಪ್ ₹240, 24 ಸ್ಕ್ರೂ ₹48, ಒಂದೂವರೆ ಗಂಟೆ ₹225. ಒಟ್ಟು ₹513.

ಬಿಗಿ ಜೋಡಣೆಗಿಂತ ಹೆಚ್ಚಾಗುವುದು ಕನಿಷ್ಠ ₹237, ಗರಿಷ್ಠ ₹414. ₹26,000ರ ಮೇಜಿನಲ್ಲಿ ಇದು ಶೇ 0.9ರಿಂದ 1.6. ಕರಾವಳಿಯಲ್ಲಿ ಉಪ್ಪುಗಾಳಿ ಇರುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಸ್ಕ್ರೂ ಹಾಕಿದರೆ ಇನ್ನಷ್ಟು ಸೇರುತ್ತದೆ. ಆದರೂ ಶೇ 2 ದಾಟುವುದು ಕಷ್ಟ.

ಸೀಳುರಂಧ್ರ, ಬಟನ್‌ಗಳಲ್ಲಿ ಹಣದ ಬಹುಭಾಗ ಸಾಮಾನಿಗಲ್ಲ, ಸಮಯಕ್ಕೆ ಹೋಗಿದೆ ಎಂಬುದನ್ನೂ ನೋಡಬೇಕು. ಬಟನ್‌ನ ₹474ರಲ್ಲಿ ₹450 ಕೈಕೆಲಸಕ್ಕೆ. ಇಡೀ ಕೆಲಸವನ್ನು ಗುತ್ತಿಗೆಗೆ ಒಪ್ಪಿಕೊಂಡ ಆಚಾರಿಗೆ ಈ ಮೂರು ಗಂಟೆಗೆ ಯಾರೂ ಪ್ರತ್ಯೇಕ ದುಡ್ಡು ಕೊಡುವುದಿಲ್ಲ. “ಆಚಾರ್ರೇ, ಒಂಚೂರೂ ಅಲ್ಲಾಡಬಾರದು, ಗಟ್ಟಿಯಾಗಿ ಬಿಗೀರಿ” ಎಂದು ಮನೆಯವರೇ ಹೇಳಿದರೆ ಅವರು ಬಿಗಿಯುತ್ತಾರೆ. ನಗರಗಳಲ್ಲಿ ಹೆಚ್ಚಿನ ಕೆಲಸ ಪ್ಲೈವುಡ್‌ನದ್ದಾಗಿರುವುದೂ ಇನ್ನೊಂದು ಕಾರಣ. ಪ್ಲೈವುಡ್‌ನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿರುವುದರಿಂದ ಚಲನೆ ತೀರಾ ಕಡಿಮೆ, ಕೆಳಗಿನಿಂದ ನೇರ ಸ್ಕ್ರೂ ಹೊಡೆದರೂ ಏನೂ ಆಗದು. ಅದೇ ಅಭ್ಯಾಸ ಗಟ್ಟಿ ಮರಕ್ಕೂ ಬಂದಾಗ ತೊಂದರೆ.

ತಿಳಿವಳಿಕೆ ನಮ್ಮ ಕಸುಬಿನಲ್ಲಿ ಇಲ್ಲವೆಂದಲ್ಲ. ಹಳೆಯ ಮನೆಗಳ ಚೌಕಟ್ಟು ಬಾಗಿಲನ್ನು ನೋಡಿದರೆ ನಡುವಿನ ಹಲಗೆಗೆ ಅಂಟು ಇರುವುದಿಲ್ಲ. ಸುತ್ತಲಿನ ಗ್ರೂವ್‌ನಲ್ಲಿ ಅದು ಸಡಿಲವಾಗಿ ಕೂತು ಹಿಗ್ಗಿ ಕುಗ್ಗುತ್ತಿರುತ್ತದೆ. ಬಾಗಿಲಿನ ಆ ಜಾಣ್ಮೆಯನ್ನು ಮೇಜಿಗೆ ತರುವುದಷ್ಟೇ ಕೆಲಸ.

ಸೀಳಿದರೆ ಏನು ಖರ್ಚು?

ಮಳೆಗಾಲದಲ್ಲಿ ಬಿಗಿದ ಹಲಗೆ ಬೇಸಿಗೆಯಲ್ಲಿ ಕುಗ್ಗಲು ಹೋಗಿ, ಸ್ಕ್ರೂಗಳು ಬಿಡದೆ, ನಾರಿನ ಗುಂಟ ಸೀಳುತ್ತದೆ. ತುದಿಗಳು ಬೇಗ ಒಣಗುವುದರಿಂದ ಸೀಳು ಹೆಚ್ಚಾಗಿ ಅಲ್ಲಿಂದಲೇ ಶುರು. ಬೇಸಿಗೆಯಲ್ಲಿ ಬಿಗಿದದ್ದರ ಕಥೆ ಇನ್ನೂ ಮೋಸದ್ದು. ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ನಾರುಗಳು ಒಂದನ್ನೊಂದು ಒತ್ತಿ ನಜ್ಜಾಗುತ್ತವೆ, ಇಲ್ಲವೇ ಹಲಗೆ ಉಬ್ಬುತ್ತದೆ. ನಜ್ಜಾದ ನಾರು ಮತ್ತೆ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಹಲಗೆ ಮೊದಲಿಗಿಂತ ಹೆಚ್ಚು ಕುಗ್ಗಲು ನೋಡಿ ಆಗ ಸೀಳುತ್ತದೆ. ಒಂದು ಮಳೆಗಾಲ ಚೆನ್ನಾಗಿಯೇ ಇತ್ತಲ್ಲ ಎಂದು ಮನೆಯವರು ಮರವನ್ನು ದೂರುತ್ತಾರೆ. ದೋಷ ಮರದ್ದಲ್ಲ.

ಸೀಳಿಗೆ ಪುಟ್ಟಿ ತುಂಬುವುದು ಪರಿಹಾರವಲ್ಲ; ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಪುಟ್ಟಿಯೇ ಅಡ್ಡ ನಿಂತು ಸೀಳನ್ನು ಬೆಳೆಸುತ್ತದೆ. ಹಲಗೆ ಬಿಚ್ಚಿ, ಸೀಳಿನ ಗುಂಟ ಗರಗಸ ಓಡಿಸಿ, ಅಂಚು ಕೀಸಿ, ಮತ್ತೆ ಅಂಟಿಸಿ, ಮೇಲೆಲ್ಲಾ ಉಜ್ಜಿ ಪಾಲಿಶ್ ಮಾಡಬೇಕು. ಒಂದೂವರೆ ದಿನದ ಕೂಲಿ ₹1,800, ಪಾಲಿಶ್ ₹2,000, ಸಾಗಣೆ ₹1,500. ಒಟ್ಟು ₹5,300. ಮೇಜಿನ ಅಗಲ ಬೇರೆ ಕೆಲವು ಮಿ.ಮೀ. ಕಡಿಮೆಯಾಗುತ್ತದೆ.

ಕಾರ್ಖಾನೆ ನಡೆಸುವವರಿಗೆ ಇನ್ನೊಂದು ಲೆಕ್ಕ. ನೂರು ಮೇಜಿಗೆ ಝಡ್ ಕ್ಲಿಪ್ ಹಾಕಿದರೆ ಹೆಚ್ಚುವರಿ ಖರ್ಚು ₹25,500. ನೂರರಲ್ಲಿ ಐದೇ ಮೇಜು ಸೀಳಿ ವಾಪಸ್ ಬಂದರೂ ರಿಪೇರಿಗೆ ₹26,500. ಮರದ ಬಟನ್ ಹಾಕುವವರಿಗೆ ಈ ಗಡಿ ಏಳು ಅಥವಾ ಎಂಟು ಮೇಜು. ಕಳೆದುಹೋಗುವ ಗಿರಾಕಿಯ ನಂಬಿಕೆಯನ್ನು ಇದರಲ್ಲಿ ಸೇರಿಸಿಲ್ಲ.

ಮೊದಲು ತೇವಾಂಶ, ಆಮೇಲೆ ಜೋಡಣೆ

ಎಷ್ಟೇ ಜಾಗ ಬಿಟ್ಟರೂ ಹಸಿ ಮರಕ್ಕೆ ಸಾಲದು. ಶೇ 18 ತೇವಾಂಶದ ಹಲಗೆಯಲ್ಲಿ ಮಾಡಿದ ಮೇಜು ಬೆಂಗಳೂರಿನ ಬೇಸಿಗೆಯಲ್ಲಿ ಶೇ 8ಕ್ಕೆ ಇಳಿದರೆ 17 ಮಿ.ಮೀ. ಕುಗ್ಗುತ್ತದೆ. ಬೆಂಗಳೂರಿನಲ್ಲಿ ಶೇ 10ರಿಂದ 12ರ ನಡುವೆ ಕೆಲಸ ಶುರು ಮಾಡಿದರೆ ಹಿಗ್ಗುವುದೂ ಕುಗ್ಗುವುದೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ.

ಮರಕ್ಕೆ ಎರಡು ಮೊಳೆ ಚುಚ್ಚಿ ಅಳೆಯುವ ತೇವಾಂಶ ಮೀಟರ್‌ಗೆ ₹2,000 ಎಂದು ಹಿಡಿದರೆ, ವರ್ಷಕ್ಕೆ ಹತ್ತು ಮೇಜು ಮಾಡುವವರಿಗೆ ಮೊದಲ ವರ್ಷದಲ್ಲೇ ಮೇಜಿಗೆ ₹200 ಬೀಳುತ್ತದೆ. ಮೀಟರ್ ಇಲ್ಲದಿದ್ದರೂ ದಾರಿ ಇದೆ. ಹಲಗೆಯ ತುದಿ ಬಿಟ್ಟು ನಡುಭಾಗದಿಂದ ಸಣ್ಣ ತುಂಡು ಕತ್ತರಿಸಿ, ತೂಕ ಮಾಡಿ, ಓವನ್‌ನಲ್ಲಿ 103 ಡಿಗ್ರಿ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. 114 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವಾಂಶ ಶೇ 14. ದೊಡ್ಡ ಮೊತ್ತದ ಮರ ಕೊಳ್ಳುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಕೇಂದ್ರ ಸರ್ಕಾರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಪಾಲಿಶ್‌ನ ಲೆಕ್ಕವೂ ಇಲ್ಲೇ ಬರುತ್ತದೆ. ಯಾವ ಪಾಲಿಶ್ ಕೂಡ ತೇವವನ್ನು ಪೂರ್ತಿ ತಡೆಯದು, ನಿಧಾನಗೊಳಿಸುತ್ತದೆ ಅಷ್ಟೇ. ಮೇಲ್ಮೈಗೆ ಮಾತ್ರ ಹಚ್ಚಿ ತಳಮೈ ಬರಿದೇ ಬಿಟ್ಟರೆ ಎರಡು ಮೈ ಎರಡು ವೇಗದಲ್ಲಿ ತೇವ ಹೀರಿ ಹಲಗೆ ಬಟ್ಟಲಿನಂತೆ ಬಾಗುತ್ತದೆ. ತಳದ 18 ಚದರ ಅಡಿಗೆ ತಲಾ ₹30ರಂತೆ ಸೀಲರ್ ಹಚ್ಚಲು ₹540. ಇದೂ ಅಂದಾಜುಪಟ್ಟಿಯಲ್ಲಿ ಇರಬೇಕಾದ ಬಾಬ್ತು.

ಈಗ ಕಬ್ಬಿಣದ ಕಾಲಿನ ಮೇಲೆ ಗಟ್ಟಿ ಮರದ ಹಲಗೆ ಇಡುವುದು ಹೆಚ್ಚಾಗಿದೆ. ಕಬ್ಬಿಣಕ್ಕೆ ತೇವಾಂಶದಿಂದ ಯಾವ ಚಲನೆಯೂ ಇಲ್ಲ, ಆದ್ದರಿಂದ ಅಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಮೇಜಿನ ಅಗಲಕ್ಕೆ ಓಡುವ ಪಟ್ಟಿಯ ನಡು ತೂತು ದುಂಡಗಿರಲಿ, ತುದಿಯ ತೂತುಗಳು ಅಗಲದ ದಿಕ್ಕಿಗೆ ಉದ್ದವಿರಲಿ. ವೆಲ್ಡಿಂಗ್ ಆಗುವ ಮೊದಲೇ ಹೇಳಿದರೆ ಇದು ಎರಡು ನಿಮಿಷದ ಕೆಲಸ. ಪೌಡರ್ ಕೋಟಿಂಗ್ ಆದ ಮೇಲೆ ತೂತು ಹಿಗ್ಗಿಸಿದರೆ ಬಣ್ಣ ಎದ್ದು ಅಲ್ಲಿಂದ ತುಕ್ಕು ಶುರುವಾಗುತ್ತದೆ.

ಅಂದಾಜುಪಟ್ಟಿಗೆ ಸೇರಬೇಕಾದ ಸಾಲು

ಮೇಜು ಮಾಡಿಸುವವರು ಮರದ ಜಾತಿ, ಪಾಲಿಶ್‌ನ ಬಣ್ಣ, ಕಾಲಿನ ಆಕಾರ ಎಲ್ಲವನ್ನೂ ಕೇಳುತ್ತಾರೆ. ಮೂರು ಪ್ರಶ್ನೆ ಇನ್ನೂ ಕೇಳಬೇಕು. ಹಲಗೆಯ ತೇವಾಂಶ ಎಷ್ಟು? ಮೇಲ್ಹಲಗೆಯನ್ನು ಯಾವುದರಿಂದ ಹಿಡಿಸುತ್ತೀರಿ? ಆಚೀಚೆ ಎಷ್ಟು ಮಿ.ಮೀ. ಜಾಗ ಬಿಡುತ್ತೀರಿ? ಮೇಜು ಮುಂದೆ ಬೇರೆ ಊರಿಗೆ ಹೋಗುವುದಿದ್ದರೆ ಅದನ್ನೂ ಮೊದಲೇ ಹೇಳಬೇಕು. ಅಂಥ ಮೇಜಿನ ಸ್ಕ್ರೂ 7.6 ಮಿ.ಮೀ. ಸರಿಯಬೇಕು, 10 ಮಿ.ಮೀ. ನಾಲಿಗೆ ಅದಕ್ಕೆ ಸಾಲದು. ನಾಲಿಗೆ 15, ಗ್ರೂವ್ 17 ಮಿ.ಮೀ. ಆಗಬೇಕು, ಪಟ್ಟಿಯ ದಪ್ಪವೂ ಅದಕ್ಕೆ ತಕ್ಕಂತೆ ಹೆಚ್ಚಬೇಕು.

ಕೆಲಸ ಮಾಡುವವರ ಕಡೆಯಿಂದ ಅಂದಾಜುಪಟ್ಟಿಯಲ್ಲಿ ಈ ಸಾಲು ಇರಲಿ: ‘ಮೇಲ್ಹಲಗೆ ಚಲನೆಗೆ ಅವಕಾಶವಿರುವ ಜೋಡಣೆ, 12 ಬಟನ್, 3 ಗಂಟೆ, ₹474.’ ಬರೆದ ಸಾಲಿಗೆ ದುಡ್ಡು ಸಿಗುತ್ತದೆ, ಬರೆಯದ ಕೆಲಸಕ್ಕೆ ಸಿಗುವುದಿಲ್ಲ. ಮರ ಬಲ್ಲ ಕೈಗೆ ಅದರ ಮೂರು ಗಂಟೆಯ ಕೂಲಿ ಸಲ್ಲಬೇಕು. ಮಾಡಿಸುವವರು ಆ ಸಾಲಿನ ಮೇಲೆ ಚೌಕಾಸಿ ಮಾಡದೆ ಒಪ್ಪಿಕೊಂಡರೆ ₹9,700ರ ಮರ ಮೊಮ್ಮಕ್ಕಳ ಕಾಲದವರೆಗೂ ಒಂದೇ ಹಲಗೆಯಾಗಿ ಉಳಿಯುತ್ತದೆ.